ಸದ್ದಿಲ್ಲಪ್ಪನ ನಕ್ಷತ್ರ

ತಂದೆತಾಯಿ ಇಟ್ಟ ಹೆಸರು ಅವನಿಗೆ ಬೇರೆ ಇತ್ತು. ಅದೀಗ ಪಿಂಚಣಿಯ ಕಾಗದದಲ್ಲಿ ಮಾತ್ರ ಉಳಿದಿದೆ. ಬೀದಿಯವರು, ಹಾಲು ಹಾಕುವವನು, ತಾರಾಲಯದ ಟಿಕೆಟ್ ಕಿಟಕಿಯಲ್ಲಿ ಕೂರುವವಳು, ಕೊನೆಗೆ ಅವನ ಸ್ವಂತ ಅಳಿಯ ಕೂಡ ಬೆನ್ನ ಹಿಂದೆ ಅವನನ್ನು ಸದ್ದಿಲ್ಲಪ್ಪ ಎಂದೇ ಕರೆಯುತ್ತಿದ್ದರು. ಯಾವ ಕೋಣೆಗೆ ಕಾಲಿಟ್ಟರೂ ಅವನು ಮೊದಲು ಮಾಡುತ್ತಿದ್ದ ಕೆಲಸ ತೋರುಬೆರಳನ್ನು ಮೇಲೆತ್ತುವುದು. ಎಲ್ಲರೂ ಮಾತು ನಿಲ್ಲಿಸಬೇಕು. ಆಮೇಲೆ ಅವನು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಆಲಿಸುವನು. ಫ್ಯಾನಿನ ಬೇರಿಂಗು ಸವೆದಿದೆ, ಟ್ಯೂಬ್‌ಲೈಟಿನ ಚೋಕು ಗುಂಯ್ಗುಡುತ್ತಿದೆ, ಮೂರನೇ ಮನೆಯಲ್ಲಿ ಯಾರೋ ಮೆಣಸು ಕುಟ್ಟುತ್ತಿದ್ದಾರೆ ಎಂದು ತೀರ್ಪು ಕೊಡುವನು. ತೀರ್ಪು ಕೇಳಿ ಯಾರಿಗೂ ಏನೂ ಪ್ರಯೋಜನವಾದದ್ದಿಲ್ಲ. ಅವನ ಅಳಿಯ ಸೀನು ಬಂದರೆ ಎದ್ದು ಗೇಟಿನ ಆಚೆ ಹೋಗಿ ಸೀನಿ ಬರುತ್ತಿದ್ದ. ಮೊಮ್ಮಗಳು ಕಲಿತ ಮೊದಲ ಮಾತು ಅಮ್ಮ ಅಲ್ಲ, ಅಪ್ಪ ಅಲ್ಲ, "ಶ್ಶ್".

ಆ ಮನೆಯ ಮಹಡಿಯಲ್ಲಿ ನಾನಿದ್ದೇನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ಮೇಲೆ ಬಂದು ಸೇರಿದ್ದು. ಕೆಳಗೆ ಮನೆಯವರು, ಮೇಲೆ ನಾನು, ನಡುವೆ ಮರದ ಹಲಗೆಯ ನೆಲ. ಕೆಳಗಿನ ಸದ್ದೆಲ್ಲ ಮೇಲಕ್ಕೆ ಬರುತ್ತದೆ. ಅವರು ಮೂರು ಹೊತ್ತು ಏನು ಜಗಳವಾಡುತ್ತಾರೆ ಎಂಬುದು ಅವರಿಗಿಂತ ನನಗೆ ಸರಿಯಾಗಿ ನೆನಪಿರುತ್ತದೆ.

ಸದ್ದಿಲ್ಲಪ್ಪ ಬೆಳೆದದ್ದು ಸೋದರಮಾವನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಊರಿಗೆ ತಾರಾಲಯ ಬಂದಾಗ ಅಲ್ಲಿನ ಧ್ವನಿವರ್ಧಕ ಗುಂಯ್ ಎನ್ನುವುದನ್ನು ಯಾವ ಇಂಜಿನಿಯರನೂ ನಿಲ್ಲಿಸಲಾಗದೆ ಹೋಗಿ, ಇವನು ಒಂದು ತಂತಿಯನ್ನು ಬೇರೆ ಜಾಗಕ್ಕೆ ಬೆಸೆದು ನಿಲ್ಲಿಸಿದ. ಆ ಒಂದು ಬೆಸುಗೆ ಅವನಿಗೆ ಜೀವಮಾನದ ನೌಕರಿ ಕೊಟ್ಟಿತು. ನಿವೃತ್ತನಾದ ಮೇಲೂ ಅವನು ಜಾಗ ಬಿಡಲಿಲ್ಲ. ಧ್ವನಿ ಸಲಹೆಗಾರ ಎಂಬ ಬಿಲ್ಲೆ ಕೊಟ್ಟು ಇಟ್ಟುಕೊಂಡರು. ಸಲಹೆ ಯಾರೂ ಕೇಳುತ್ತಿರಲಿಲ್ಲ. ಅವನು ಕೊಡುವುದನ್ನೂ ನಿಲ್ಲಿಸಲಿಲ್ಲ.

ಅವನಿಗೆ ಇಷ್ಟು ಮರ್ಯಾದೆ ಬರಲು ಕಾರಣ ಒಂದು ನ್ಯೂಟ್ರಾನ್ ನಕ್ಷತ್ರ. ಅದು ಏನೆಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಸದ್ದಿಲ್ಲಪ್ಪ ಪ್ರದರ್ಶನದಲ್ಲಿ ಹೇಳುತ್ತಿದ್ದ ಹಾಗೆ ಸತ್ತ ನಕ್ಷತ್ರದ ಅಮರ ನಾಡಿ ಎಂದೆಲ್ಲ ಹೇಳಿದರೆ ಏನೂ ತಿಳಿಯುವುದಿಲ್ಲ.

ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರವಾದ ನಕ್ಷತ್ರವೊಂದು ತನ್ನ ಇಂಧನವನ್ನೆಲ್ಲ ಉರಿಸಿ ಮುಗಿಸಿದಾಗ, ಅದರ ನಡುಭಾಗವನ್ನು ಎತ್ತಿ ಹಿಡಿಯಲು ಏನೂ ಉಳಿಯುವುದಿಲ್ಲ. ಅದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಹೊರಗಿನದು ಸಿಡಿದು ಹೋಗುತ್ತದೆ. ಒಳಗೆ ಎಲೆಕ್ಟ್ರಾನುಗಳೂ ಪ್ರೋಟಾನುಗಳೂ ಒಂದರೊಳಗೊಂದು ಹಿಸುಕಿಕೊಂಡು ನ್ಯೂಟ್ರಾನುಗಳಾಗುತ್ತವೆ. ಕೊನೆಗೆ ಉಳಿಯುವುದು ಸೂರ್ಯನಿಗಿಂತ ಹೆಚ್ಚು ಭಾರದ ಒಂದು ಉಂಡೆ. ಅದರ ಅಗಲ ಊರಿನ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಹೋಗುವಷ್ಟು. ಅಷ್ಟು ದೊಡ್ಡದು ಇಷ್ಟು ಚಿಕ್ಕದಾದಾಗ, ಮೊದಲು ನಿಧಾನವಾಗಿ ತಿರುಗುತ್ತಿದ್ದದ್ದು ಹುಚ್ಚು ಹಿಡಿದಂತೆ ತಿರುಗತೊಡಗುತ್ತದೆ. ಕೈ ಚಾಚಿ ಗಿರಕಿ ಹೊಡೆಯುವ ಹುಡುಗಿ ಕೈಯನ್ನು ಎದೆಗೆ ಎಳೆದುಕೊಂಡರೆ ಆಗುವುದೂ ಅದೇ. ಅದರ ಕಾಂತಶಕ್ತಿಯ ಎರಡು ತುದಿಗಳಿಂದ ರೇಡಿಯೋ ಅಲೆಗಳ ಕಿರಣ ಹೊರಡುತ್ತದೆ. ಉಂಡೆ ತಿರುಗುವಾಗ ಆ ಕಿರಣ ನಮ್ಮ ಮೇಲೆ ಹಾದುಹೋದರೆ ನಮ್ಮ ದೊಡ್ಡ ಬಟ್ಟಲಿನಂಥ ದೂರದರ್ಶಕಗಳಿಗೆ ಸುತ್ತಿಗೊಂದು ಮಿಡಿತ ಸಿಗುತ್ತದೆ. ಹಾಯದೆ ಹೋದರೆ ನಕ್ಷತ್ರ ಇದೆಯೆಂಬುದೇ ನಮಗೆ ತಿಳಿಯುವುದಿಲ್ಲ. ಸದ್ದು ಎಂಬುದು ಅಲ್ಲಿ ಏನೂ ಇಲ್ಲ. ಮಿಡಿತವನ್ನು ನಾವು ಧ್ವನಿವರ್ಧಕಕ್ಕೆ ಕೊಟ್ಟರೆ ಟಕಟಕ ಎನ್ನುತ್ತದೆ, ಅಷ್ಟೆ.

ತಾರಾಲಯದ ನಕ್ಷತ್ರ ಸೆಕೆಂಡಿಗೆ ಹನ್ನೊಂದು ಸುತ್ತು ತಿರುಗುವ ಜಾತಿಯದು. ಇಂಥವು ತಿರುಗುತ್ತ ತಿರುಗುತ್ತ ನಿಧಾನವಾಗುತ್ತವೆ. ಆದರೆ ಎಷ್ಟು ನಿಧಾನವಾಗಿ ನಿಧಾನವಾಗುತ್ತವೆ ಎಂದರೆ ಒಂದು ಮನುಷ್ಯಜನ್ಮದಲ್ಲಿ ಕಿವಿಗೆ ವ್ಯತ್ಯಾಸ ಗೊತ್ತಾಗದು. ಕೆಲವು ವರ್ಷಗಳಿಗೊಮ್ಮೆ ಮಾತ್ರ ಅವು ಇದ್ದಕ್ಕಿದ್ದಂತೆ ಒಂದಿಷ್ಟು ವೇಗ ಹೆಚ್ಚಿಸಿಕೊಳ್ಳುತ್ತವೆ. ಇದನ್ನು ಜಿಗಿತ ಎನ್ನೋಣ. ಮೇಲಿನ ಗಟ್ಟಿ ತೊಗಟೆ ನಿಧಾನವಾದರೂ ಒಳಗಿನ ದ್ರವ ಹಳೆಯ ವೇಗದಲ್ಲೇ ತಿರುಗುತ್ತಿರುತ್ತದೆ. ಒಂದು ಹೊತ್ತಿಗೆ ಒಳಗಿನದು ತನ್ನ ವೇಗವನ್ನು ಹೊರಗಿನದಕ್ಕೆ ದಾಟಿಸಿಬಿಡುತ್ತದೆ.

ಊರಿನ ತಾರಾಲಯ ಪ್ರಸಿದ್ಧವಾಗಿದ್ದದ್ದು ಈ ಜಿಗಿತಕ್ಕೆ. ದೀಪ ಆರುತ್ತಿತ್ತು. ಗುಮ್ಮಟದ ಮೇಲೆ ಚುಕ್ಕಿಗಳು ಮೂಡುತ್ತಿದ್ದವು. ಸದ್ದಿಲ್ಲಪ್ಪನ ಮುದ್ರಿತ ಕಂಠ, ಮೂಗಿನಿಂದ ಅರ್ಧ ಬಾಯಿಂದ ಅರ್ಧ, ಇದೀಗ ನೀವು ಕೇಳಲಿರುವುದು ಎಂದು ಶುರುಮಾಡಿ ಸುಮ್ಮನಾಗುತ್ತಿತ್ತು. ಆಮೇಲೆ ನಕ್ಷತ್ರ. ಆಳದಿಂದ ಬರುವ ದಡದಡ ಸದ್ದು, ಕುರ್ಚಿಯ ಹಿಡಿಕೆಗೂ ತಟ್ಟುವಂಥದ್ದು. ಸ್ವಲ್ಪ ಹೊತ್ತಿಗೆ ಅದು ತಡವರಿಸಿ, ಒಂದು ಉಸಿರಿನಷ್ಟು ನಿಂತು, ಮತ್ತೆ ಮೊದಲಿಗಿಂತ ಜೋರಾಗಿ ಹೊರಡುತ್ತಿತ್ತು. ವಿವರಣೆ ಹೇಳುವ ಹುಡುಗಿ ಆಗ ಟಾರ್ಚು ಬೀಸಿ ಜಿಗಿತ ಎಂದು ಪಿಸುಗುಟ್ಟಬೇಕು. ಸಭೆ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಿತ್ತು. ಪತ್ರಿಕೆಯಲ್ಲಿ ಸಂಗೀತದ ಬಗ್ಗೆ ಬರೆಯುವವನೊಬ್ಬ ಇದು ವಿಶ್ವದ ಲಯ, ಇದರ ಮುಂದೆ ನಮ್ಮ ತಾಳಗಳೆಲ್ಲ ಮಕ್ಕಳಾಟ ಎಂದು ಅರ್ಧ ಪುಟ ಬರೆದ. ತಾರಾಲಯದ ನಿರ್ದೇಶಕ ಅದನ್ನು ಚೌಕಟ್ಟು ಹಾಕಿಸಿ ತನ್ನ ಕುರ್ಚಿಯ ಹಿಂದೆ ತೂಗುಹಾಕಿದ. ನಿರ್ದೇಶಕನಿಗೆ ಡಾಕ್ಟರೇಟ್ ಇತ್ತು. ತಾರಾಲಯದ ಸಲಹಾ ಸಮಿತಿಯಲ್ಲಿ ಇನ್ನೂ ಇಬ್ಬರಿಗೆ ಇತ್ತು. ಸೂರ್ಯನಿಗಿಂತ ಭಾರದ ಉಂಡೆಯೊಂದು ಉಸಿರು ತೆಗೆದುಕೊಳ್ಳಲು ನಿಂತಿತು ಎಂಬುದನ್ನು ಆ ಡಾಕ್ಟರೇಟುಗಳೆಲ್ಲ ಕಣ್ಣುಮುಚ್ಚಿ ಒಪ್ಪಿಕೊಂಡಿದ್ದವು.

ಇನ್ನು ಮನೆಯ ವಿಚಾರ. ಕೆಳಗಿನ ಮನೆಯಲ್ಲಿ ಬೀದಿಯ ಕಡೆಗಿರುವ ಕೋಣೆಗೆ ಒಂದು ದೊಡ್ಡ ಕಿಟಕಿ. ಇಡೀ ಮನೆಯಲ್ಲಿ ಬೆಳಕು ಅಂತ ಬರುವುದು ಅದೊಂದರಿಂದ. ಅದನ್ನು ಸದ್ದಿಲ್ಲಪ್ಪ ಮದುವೆಯಾದ ಹೊಸದರಲ್ಲೇ ಧ್ವನಿಕೋಣೆ ಮಾಡಿಕೊಂಡಿದ್ದ. ಕಿಟಕಿಗೆ ಹಲಗೆ ಹೊಡೆದು, ಹಲಗೆಯ ಮೇಲೆ ಹಳೆಯ ಹಾಸಿಗೆ ಬಿಗಿದು, ಹಾಸಿಗೆಯ ಮೇಲೆ ಜಮಖಾನ ಇಳಿಬಿಟ್ಟಿದ್ದ. ಗೋಡೆಗೆಲ್ಲ ಸದ್ದು ಹೀರಲೆಂದು ಮೊಟ್ಟೆ ಜೋಡಿಸುವ ರಟ್ಟಿನ ಅಟ್ಟೆಗಳು. ಒಳಗೆ ಹೋದರೆ ಬಾಯಿಗೆ ಬಟ್ಟೆ ತುರುಕಿದ ಹಾಗಾಗುತ್ತದೆ. ನಕ್ಷತ್ರವನ್ನು ಅವನು ಟೇಪಿಗೆ ಇಳಿಸಿದ್ದು ಅದೇ ಕೋಣೆಯಲ್ಲಿ, ಹಾಗಾಗಿ ಅದು ಗರ್ಭಗುಡಿ. ಕಸ ಗುಡಿಸಲು ಕೂಡ ಅಪ್ಪಣೆ ಬೇಕು.

ಅವನ ಹೆಂಡತಿ ಟೈಲರಮ್ಮ. ಶಾಲೆಯ ಯೂನಿಫಾರ್ಮು, ಕೋಟು, ವಕೀಲರ ಕರಿ ನಿಲುವಂಗಿ, ಹೀಗೆ ಬೀದಿಯ ಅರ್ಧ ಜನರ ಮೈ ಮೇಲೆ ಅವಳ ಕೈ ಇದೆ. ಗಂಡ ಆಲಿಸುತ್ತಿದ್ದ ಕಾಲದಲ್ಲೆಲ್ಲ ಮಗಳ ಓದಿಗೂ ಮದುವೆಗೂ ಆಧಾರವಾದದ್ದು ಅವಳ ಮಿಷನ್ನು. ಕಾಲಿನಿಂದ ತುಳಿಯುವ ಆ ಹಳೆಯ ಮಿಷನ್ನಿಗೆ ಸಿಕ್ಕ ಜಾಗ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿ. ತಲೆಯ ಮೇಲೊಂದು ಟ್ಯೂಬ್‌ಲೈಟು. ಬಚ್ಚಲಿಗೆ ಹೋಗುವವರು ಅವಳ ಬೆನ್ನಿಗೆ ಉಜ್ಜಿಕೊಂಡೇ ಹೋಗಬೇಕು.

ಹೋದ ವರ್ಷ ಬ್ಯಾಂಕಿನ ಮ್ಯಾನೇಜರೊಬ್ಬ ತನ್ನ ಕಡುನೀಲಿ ಕೋಟನ್ನು ವಾಪಸು ತಂದ. ಅಂಚನ್ನೆಲ್ಲ ಕರಿ ದಾರದಲ್ಲಿ ಹೊಲಿದಿದ್ದಳು. ಅವನು ಅದನ್ನು ಗೇಟಿನ ಹತ್ತಿರ ಬಿಸಿಲಿಗೆ ಹಿಡಿದು, ಬೀದಿಗೆಲ್ಲ ಕಾಣುವಂತೆ ತೋರಿಸಿದ. ಟೈಲರಮ್ಮ ಕೋಟು ತೆಗೆದುಕೊಂಡು ಒಳಗೆ ಬಂದಳು. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಕೊಯ್ಯುವಂಥದ್ದೇನೂ ಇಲ್ಲ, ವಯಸ್ಸಾಗಿದೆ, ಹಗಲು ಬೆಳಕಿನಲ್ಲಿ ಕೂತು ಹೊಲಿಯಬೇಕು, ಇಲ್ಲವೇ ಗಾಢ ಬಣ್ಣದ ಬಟ್ಟೆ ಬಿಡಬೇಕು ಎಂದು ಡಾಕ್ಟರು ಹೇಳಿದರು. ಗಾಢ ಬಣ್ಣ ಬಿಟ್ಟರೆ ಅವಳ ಕೈಯಲ್ಲಿ ಉಳಿಯುವುದು ದಿಂಬಿನ ಚೀಲ. ಅಷ್ಟಕ್ಕೆ ಅವಳು ಇಳಿಯುವವಳಲ್ಲ. ಹಾಗಾಗಿ ಅವಳಿಗೆ ಕಿಟಕಿ ಬೇಕಾಯಿತು.

ಅವಳು ಕೇಳಿದ್ದು ಒಂದು ದಿನ ಊಟದ ಹೊತ್ತಿನಲ್ಲಿ. ನೆಲದ ಮೂಲಕ ನನಗೂ ಕೇಳಿಸಿತು.

"ಆ ಕೋಣೇಲಿ ಒಂದು ನಕ್ಷತ್ರ ಹುಟ್ಟಿದೆ ಕಣೇ" ಎಂದ ಸದ್ದಿಲ್ಲಪ್ಪ. "ಅಲ್ಲಿ ಮಿಷನ್ ಇಡಕ್ಕಾಗುತ್ತಾ?"

"ಸತ್ತಿದ್ದು ಅಂತಿದ್ರಲ್ಲ, ರೀ. ಸತ್ತಿದ್ದಕ್ಕೆ ಕಿಟಕಿ ಯಾಕೆ?"

ಅವನು ಬೆರಳೆತ್ತಿದನೆಂದು ಕಾಣುತ್ತದೆ. ಮಾತು ಅಲ್ಲಿಗೆ ನಿಂತಿತು. ಆದರೆ ಅವಳು ನಿಲ್ಲಿಸಲಿಲ್ಲ. ಮರುದಿನ ಕೇಳಿದಳು, ಅದರ ಮರುದಿನ ಕೇಳಿದಳು. ಅವನು ಈಗಂತೂ ಸಾಧ್ಯವೇ ಇಲ್ಲ ಎಂದ. ತಾರಾಲಯಕ್ಕೆ ಹೊಸ ಸಭಾಂಗಣ ಕಟ್ಟುತ್ತಿದ್ದರು. ಅದರ ಬಾಗಿಲಲ್ಲಿ ಒಂದು ಗುಂಡಿ ಒತ್ತಿದರೆ ಇವನ ನಕ್ಷತ್ರ ಕೇಳಿಸಬೇಕು, ಕೆಳಗೆ ಇವನ ಹೆಸರಿನ ಹಿತ್ತಾಳೆ ಫಲಕ ಇರಬೇಕು ಎಂದು ತೀರ್ಮಾನವಾಗಿತ್ತು. ಹಳೆಯ ಟೇಪನ್ನು ಶುದ್ಧ ಮಾಡುವ ಕೆಲಸ ಕೋಣೆಯಲ್ಲಿ ನಡೆದಿದೆ ಎಂದ. ನಡೆಯುತ್ತಿದ್ದದ್ದು ಮಧ್ಯಾಹ್ನದ ನಿದ್ದೆ. ಗೊರಕೆಗೆ ಮೊಟ್ಟೆಯ ಅಟ್ಟೆ ಸಾಲದು.

ಇಷ್ಟರಲ್ಲಿ ನನ್ನನ್ನು ತಾರಾಲಯದ ಸಲಹಾ ಸಮಿತಿಗೆ ಸೇರಿಸಿಕೊಂಡರು. ಮಹಿಳೆ ಒಬ್ಬರು ಇರಬೇಕು ಎಂದು ಮೇಲಿನಿಂದ ಯಾರೋ ಬರೆದಿದ್ದರಂತೆ. ಮೊದಲ ಸಭೆಯಾದ ಮೇಲೆ ನಿರ್ದೇಶಕ ನಮ್ಮನ್ನು ಗುಮ್ಮಟದೊಳಗೆ ಕೂರಿಸಿ ಪ್ರಸಿದ್ಧ ನಕ್ಷತ್ರ ಕೇಳಿಸಿದ. ಸದ್ದಿಲ್ಲಪ್ಪ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಜಿಗಿತ ಬರುವ ಮುಂಚೆ, ಈಗ ನೋಡಿ ಅಕ್ಕ ಎಂದು ಮೊಣಕೈ ತಾಗಿಸಿದ.

ನಾನು ನೋಡಿದೆ, ಅಂದರೆ ಕೇಳಿದೆ. ಎರಡು ವಿಷಯ ಒಟ್ಟಿಗೆ ಮನಸ್ಸಿಗೆ ಬಂದವು. ಮೊದಲನೆಯದು ಪಾಠದ ವಿಷಯ. ಇಂಥ ನಕ್ಷತ್ರಗಳ ಜಿಗಿತ ಎಂದರೆ ವೇಗದಲ್ಲಿ ದಶಲಕ್ಷಕ್ಕೆ ಒಂದೆರಡು ಪಾಲಿನ ಹೆಚ್ಚಳ. ಅದನ್ನು ತಿಂಗಳುಗಟ್ಟಲೆ ಗಡಿಯಾರದೊಂದಿಗೆ ಹೋಲಿಸಿ ಲೆಕ್ಕ ಹಾಕಿ ಕಂಡುಹಿಡಿಯಬೇಕು. ಕಿವಿಗೆ ಕೇಳಿಸುವ ಜಿಗಿತ ಜಿಗಿತವೇ ಅಲ್ಲ. ಇನ್ನು ನಿಲ್ಲುವುದು? ನ್ಯೂಟ್ರಾನ್ ನಕ್ಷತ್ರವನ್ನು ಒಂದು ಉಸಿರು ನಿಲ್ಲಿಸಿ ಮತ್ತೆ ಹೊರಡಿಸುವ ಶಕ್ತಿ ಏನಾದರೂ ಎಲ್ಲಾದರೂ ಕೆಲಸ ಮಾಡಿದ್ದರೆ ಅದರ ಸುದ್ದಿ ನಮಗೆ ಟೇಪಿನಿಂದ ತಿಳಿಯಬೇಕಾಗಿರಲಿಲ್ಲ. ಎರಡನೆಯದು, ಆ ತಡವರಿಕೆ ನನಗೆ ತೀರಾ ಪರಿಚಿತ. ದಿನಾ ನನ್ನ ಮಂಚದ ಕೆಳಗಿನಿಂದ ಬರುತ್ತದೆ.

ಅವತ್ತು ಸಂಜೆ ನಾನು ಟೈಲರಮ್ಮನ ಓಣಿಗೆ ಹೋಗಿ, ಗಂಡ ನಕ್ಷತ್ರವನ್ನು ಟೇಪಿಗೆ ಇಳಿಸಿದ ದಿನ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ. ಅವಳಿಗೆ ಚೆನ್ನಾಗಿ ನೆನಪಿತ್ತು. ಶಾಲೆ ತೆರೆಯುವ ಸಮಯ, ಯೂನಿಫಾರ್ಮಿನ ರಾಶಿ ಬಿದ್ದಿತ್ತು. ಗಂಡ ಬೆಳಿಗ್ಗೆಯೇ ಮಿಷನ್ ಮುಟ್ಟಕೂಡದು ಎಂದು ಹೇಳಿದ್ದ. ಅವಳು ಆಗಲಿ ಎಂದು ತಲೆಯಾಡಿಸಿ, ಅವನು ಬಾಗಿಲು ಹಾಕಿಕೊಂಡ ಮೇಲೆ ಮಿಷನ್ನಿನ ಕಾಲಿಗೆ ಕಂಬಳಿ ಮಡಚಿ ಕೊಟ್ಟು, ಅಡುಗೆಮನೆಯ ಬಾಗಿಲೂ ಹಾಕಿ ಹೊಲಿದಳು. ಕಟಕಟ ಸದ್ದು ಕಂಬಳಿಗೆ ಇಂಗಿ ದಡದಡ ಅಷ್ಟೇ ಉಳಿಯಿತು. ಅದೂ ಅವನಿಗೆ ಕೇಳಿಸಲಿಲ್ಲ ಎಂದೇ ತಿಳಿದಿದ್ದಳು, ಯಾಕೆಂದರೆ ಅವನು ಬಂದು ಕೂಗಾಡಲಿಲ್ಲ.

ಕಾಲರು ಹೊಲಿಯುವಾಗ ಮೂಲೆಯಲ್ಲಿ ನಿಲ್ಲಿಸುತ್ತೀಯಾ ಎಂದು ಕೇಳಿದೆ.

"ನಿಲ್ಲಿಸ್ದೆ ಹೇಗೆ ತಿರುಗ್ಸೋದು ಮೇಡಂ? ನಿಧಾನ ಮಾಡಿ, ಕಾಲೆತ್ತಿ, ಬಟ್ಟೆ ತಿರುಗಿಸಿ, ಆಮೇಲೆ ಉದ್ದಕ್ಕೆ ಒಂದೇ ಓಟ. ಯಾಕೆ?"

ನಾನು ಹೇಳಿದೆ. ಅವಳು ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡಳು. ತಾರಾಲಯವನ್ನು ಅವಳು ನೋಡಿರಲಿಲ್ಲ. ನಿನಗೆ ಅರ್ಥವಾಗುವಂಥದ್ದಲ್ಲ ಎಂದು ಗಂಡ ಇಷ್ಟು ವರ್ಷ ಮುಂದೂಡಿದ್ದ.

"ಅಂದ್ರೆ ಊರ ಜನ ಬಾಯಿ ಬಿಟ್ಕೊಂಡು ಕೇಳಿದ್ದು ನನ್ನ ಕಾಲಿನ ಸದ್ದಾ?" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಸರಿ ಬಿಡಿ. ಇನ್ನು ಕಿಟಕಿ ಕೊಡದೆ ಎಲ್ಲಿ ಹೋಗ್ತಾರೆ ನೋಡೋಣ" ಎಂದಳು.

ಗಂಡನ ಮುಂದೆ ವಿಷಯ ಇಟ್ಟದ್ದು ಅವತ್ತೇ, ಊಟದ ಮೇಜಿನಲ್ಲಿ. ನನ್ನನ್ನೂ ಕೂರಿಸಿಕೊಂಡಿದ್ದಳು. ಸದ್ದಿಲ್ಲಪ್ಪ ಮೊದಲು ನಕ್ಕ. ಆಮೇಲೆ ನನಗೆ ಹೊಟ್ಟೆಕಿಚ್ಚು ಎಂದ. ಆಮೇಲೆ ತನ್ನ ಕಿವಿಯ ಚರಿತ್ರೆ ಹೇಳಿದ. ವೀಕ್ಷಣಾಲಯದವರು ನಕ್ಷತ್ರದ ಮಿಡಿತ ತುಂಬಿ ಕೊಟ್ಟ ಟೇಪಿನ ಸುರುಳಿಯನ್ನು ಒಂದು ಯಂತ್ರದಲ್ಲಿ ಹಾಕಿ, ಇನ್ನೊಂದು ಯಂತ್ರಕ್ಕೆ ತಂತಿ ಕೊಟ್ಟು, ನಡುವೆ ತನ್ನ ಮಾತು ಸೇರಿಸಲು ಮೈಕು ಇಟ್ಟು, ಹೆಡ್‌ಫೋನ್ ಹಾಕಿಕೊಂಡು ಅಷ್ಟೂ ಹೊತ್ತು ನಕ್ಷತ್ರವನ್ನು ಈ ಎರಡು ಕಿವಿಯಿಂದ ಕೇಳಿದ್ದೇನೆ ಎಂದ.

"ಹೆಡ್‌ಫೋನ್ ಯಾವ ಯಂತ್ರಕ್ಕೆ ಸಿಕ್ಕಿಸಿದ್ದೆ?" ಎಂದೆ.

ಅವನು ಬೆರಳಿನಿಂದ ಮೇಜಿನ ಮೇಲೆ ಎರಡು ಯಂತ್ರಗಳನ್ನೂ ತಂತಿಯನ್ನೂ ಗೀರಿ ನೋಡಿದ. ಸಿಕ್ಕಿಸಿದ್ದು ಸುರುಳಿ ಓಡುತ್ತಿದ್ದ ಮೊದಲನೆಯ ಯಂತ್ರಕ್ಕೆ. ಅಲ್ಲಿ ನಕ್ಷತ್ರ ಇತ್ತು. ಎರಡನೆಯ ಯಂತ್ರಕ್ಕೆ ಹೋಗುವ ತಂತಿ ಕಳಚಿಕೊಂಡಿದ್ದರೆ ಅದಕ್ಕೆ ಸಿಕ್ಕಿದ್ದು ಮೈಕು ಹಿಡಿದದ್ದು ಮಾತ್ರ. ಅಂದರೆ ಅವನ ಕಂಠ, ಅವನು ಸುಮ್ಮನಾದಾಗ ಗೋಡೆಯಾಚೆಯ ಕಾಲರು. ಟೇಪನ್ನು ಅವನು ಮೊದಲ ಬಾರಿ ಕೇಳಿದ್ದು ಗುಮ್ಮಟದಲ್ಲಿ. ಅಷ್ಟು ಹೊತ್ತಿಗೆ ಸುರುಳಿ ವಾಪಸು ಹೋಗಿತ್ತು. ಹೆಡ್‌ಫೋನಿನಲ್ಲಿ ಒಣಕಲಾಗಿ ಕೇಳಿದ್ದು ಇಲ್ಲಿ ಇಷ್ಟು ಗಂಭೀರವಾಗಿ ಕೇಳಿಸಿದ್ದಕ್ಕೆ ಅವನು ತನ್ನ ಧ್ವನಿವರ್ಧಕಗಳ ಬೆನ್ನು ತಟ್ಟಿದ. ಜಿಗಿತವನ್ನು ಕಂಡುಹಿಡಿದದ್ದು ಇವನಲ್ಲ, ನಿರ್ದೇಶಕ. ಅಂಥ ಬುದ್ಧಿವಂತ ಹೇಳಿದ ಮೇಲೆ ಇವನು ಹೌದೆಂದ. ಇಂಥ ಕಿವಿಯವನೇ ಹೌದೆಂದ ಮೇಲೆ ನಿರ್ದೇಶಕ ಅದನ್ನು ಪ್ರದರ್ಶನದ ವಿವರಣೆಗೆ ಬರೆಸಿಯೇ ಬಿಟ್ಟ. ಹೀಗೆ ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಬಹಳ ಎತ್ತರಕ್ಕೆ ಹೋದರು.

ಟೈಲರಮ್ಮ ಎದ್ದು ಓಣಿಗೆ ಹೋಗಿ, ಕಂಬಳಿ ಹಾಕಿ, ಬಾಗಿಲು ಮುಚ್ಚಿ ಒಂದು ಕಾಲರು ಹೊಲಿದಳು. ನಾವು ಮೇಜಿನ ಹತ್ತಿರವೇ ಕೂತು ಕೇಳಿದೆವು. ಮೂಲೆ ಬಂದಾಗ ಅವನ ತೋರುಬೆರಳು ಮೇಜಿನ ಮೇಲೆ ತಾನಾಗಿ ಎದ್ದು ಮತ್ತೆ ಮಲಗಿತು. ಅವಳು ವಾಪಸು ಬಂದಾಗ ಅವನ ಮುಖ ಒದ್ದೆ ಸುಣ್ಣದ ಹಾಗಿತ್ತು. ಯಾರಿಗೂ ಹೇಳಬೇಡಿ ಎಂದ.

"ಕಿಟಕಿ ಬಿಟ್ಕೊಡಿ, ಹೇಳಲ್ಲ" ಎಂದಳು.

ಇಲ್ಲಿ ನಾನು ಅವಳ ವ್ಯಾಪಾರ ಕೆಡಿಸಿದೆ. ಮುಂದಿನ ಸಭೆಯಲ್ಲಿ ನಾನು ಹೇಳಿಯೇ ಹೇಳುತ್ತೇನೆ, ಹೊಲಿಗೆಯನ್ನು ನಕ್ಷತ್ರ ಎಂದು ಶಾಲೆಯ ಮಕ್ಕಳಿಗೆ ಕೇಳಿಸುವುದಕ್ಕೆ ನನ್ನ ಸಹಿ ಬೀಳುವುದಿಲ್ಲ ಎಂದೆ. ಅದು ಕೇಳಿದ ಕೂಡಲೇ ಸದ್ದಿಲ್ಲಪ್ಪನಿಗೆ ಧೈರ್ಯ ಬಂತು. ಹೇಗೂ ಮಾನ ಹೋಗುವುದಾದರೆ ಕೋಣೆಯನ್ನಾದರೂ ಯಾಕೆ ಕೊಡಬೇಕು? ಎದ್ದುಹೋಗಿ ಧ್ವನಿಕೋಣೆಗೆ ಬೀಗ ಹಾಕಿ ಕೀಲಿಯನ್ನು ಬನಿಯನ್ನಿನೊಳಗೆ ಇಳಿಬಿಟ್ಟುಕೊಂಡ.

ಟೈಲರಮ್ಮ ಮೆಟ್ಟಿಲವರೆಗೆ ಬಂದು ನನ್ನನ್ನು ಬೈದಳು. "ನೀವು ಸತ್ಯ ಹೇಳೋದು ಒಂದು ವಾರ ತಡ ಮಾಡಿದ್ರೆ ನಕ್ಷತ್ರ ಏನು ಓಡಿಹೋಗ್ತಿತ್ತಾ, ಮೇಡಂ?"

ಆದರೂ ನಾನು ಸಭೆಯಲ್ಲಿ ಹೇಳಿದೆ.

ಸಭೆ ಅದನ್ನು ಹೇಗೆ ತೆಗೆದುಕೊಂಡಿತು ಎಂದು ಬರೆಯುವುದಕ್ಕೆ ನನಗೆ ಸ್ವಲ್ಪ ಖುಷಿಯೇ ಇದೆ. ಮೊದಲು ಎಲ್ಲರೂ ಸದ್ದಿಲ್ಲಪ್ಪನನ್ನು ನೋಡಿದರು. ಅವನು ಚಾವಣಿ ನೋಡಿದ. ಒಂದು ಡಾಕ್ಟರೇಟು ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದಿತು. ಇನ್ನೊಂದು ತಾನು ಆ ಪ್ರದರ್ಶನಕ್ಕೆ ಹೋದಾಗಲೆಲ್ಲ ನಿದ್ದೆ ಮಾಡುತ್ತಿದ್ದೆ ಎಂದಿತು. ಅದು ನಿಜ ಇರಬಹುದು. ನಿರ್ದೇಶಕ ಮಾತ್ರ ಎದ್ದು, ತನ್ನ ಹಿಂದಿದ್ದ ಚೌಕಟ್ಟನ್ನು ಗೋಡೆಯ ಕಡೆಗೆ ತಿರುಗಿಸಿ ಮತ್ತೆ ಕೂತ. ಆಮೇಲೆ, ನಾವು ವಿಜ್ಞಾನದ ಜನ, ಪರೀಕ್ಷೆ ಮಾಡೋಣ ಎಂದ.

ವೀಕ್ಷಣಾಲಯದಿಂದ ನಿಜವಾದ ಮಿಡಿತ ತರಿಸಿದರು. ಒಂದು ಶಾಲೆಯ ಮಕ್ಕಳನ್ನು ಕೂರಿಸಿ ಕೇಳಿಸಿದರು. ಒಂದೇ ಸಮನೆ, ಒಂದಿಷ್ಟೂ ಏರದೆ ಇಳಿಯದೆ, ಟಕಟಕಟಕ. ಕೋಟ್ಯಂತರ ಕೋಟಿ ಟನ್ನು ಭಾರ ಒಂದು ಕೂದಲೆಳೆ ತಪ್ಪದೆ ತಿರುಗುತ್ತಿರುವ ಗುರುತು. ನನಗೆ ಅದಕ್ಕಿಂತ ಭಯಂಕರವಾದ ಸದ್ದು ಬೇರೆ ಬೇಕಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಫ್ಯಾನಿಗೆ ಪೇಪರ್ ಸಿಕ್ಕಿದೆಯಾ ಎಂದು ಕೇಳಿದಳು. ಹಿಂದಿನ ಸಾಲಿನಲ್ಲಿ ಜಗಳ ಶುರುವಾಯಿತು. ಜಿಗಿತ ಯಾವಾಗ ಬರುತ್ತದೆ ಎಂದು ಅವರ ಮೇಷ್ಟ್ರು ಕೇಳಿದರು. ಕೆಲವು ವರ್ಷ ಕಾಯಬೇಕು, ಬಂದರೂ ನಿಮಗೆ ಕೇಳಿಸುವುದಿಲ್ಲ ಎಂದು ನಾನು ಹೇಳಿದ ಮೇಲೆ ಅವರು ಬಸ್ಸಿನ ಹೊತ್ತಾಯಿತೆಂದು ಎದ್ದರು.

ಸತ್ಯ ಇದೆ, ಆದರೆ ಅನುಭವ ಇಲ್ಲ ಎಂದು ನಿರ್ದೇಶಕ ತೀರ್ಪು ಕೊಟ್ಟ. ಹಳೆಯದೇ ಇರಲಿ, ಅದರ ಮುಂದೆ ಕಲಾತ್ಮಕ ನಿರೂಪಣೆ ಎಂದು ಬರೆಸೋಣ ಎಂದ. ಇದು ಹೊಲಿಗೆ ಯಂತ್ರದ ಸದ್ದು ಎಂದು ಬರೆಯದೆ ನಾನು ಸಹಿ ಹಾಕುವುದಿಲ್ಲ, ನಿಜವಾದದ್ದಕ್ಕೂ ಒಂದು ಗುಂಡಿ ಇರಬೇಕು ಎಂದೆ. ಅರ್ಧ ದಿನ ಹಗ್ಗಜಗ್ಗಾಟವಾಗಿ, ನಿಜವಾದದ್ದಕ್ಕೆ ಎಡಗಡೆ ಒಂದು ಸಣ್ಣ ಗುಂಡಿ, ಹೊಲಿಗೆಗೆ ನಡುವೆ ಒಂದು ದೊಡ್ಡ ಗುಂಡಿ, ಹೊಲಿಗೆ ಎಂಬ ಮಾತು ಕೆಳಗೆ ಕನ್ನಡಕ ಹಾಕಿ ಓದುವಷ್ಟು ಸಣ್ಣ ಅಕ್ಷರದಲ್ಲಿ ಎಂದು ಒಪ್ಪಂದವಾಯಿತು. ಮಾಡರೇಷನ್ ಎಂದು ನಾಲ್ಕು ಅಂಕ ಸೇರಿಸಿ ಪಾಸು ಮಾಡಿಸುವ ಪ್ರಾಂಶುಪಾಲರನ್ನು ನಾನು ಬಹಳ ಕಂಡಿದ್ದೇನೆ. ಸಹಿ ಹಾಕಿದೆ.

ಆದರೆ ಹಳೆಯ ಟೇಪು ಸವೆದು ಜಾಳಾಗಿತ್ತು. ಹೊಸ ಸಭಾಂಗಣದ ಹೊಸ ಸ್ಪೀಕರುಗಳಲ್ಲಿ ಅದು ಬರೀ ಮಳೆ ಸುರಿದ ಹಾಗೆ ಕೇಳಿಸಿತು. ಹೊಸದಾಗಿ ಮುದ್ರಿಸಿಕೊಂಡು ಬನ್ನಿ, ಉದ್ಘಾಟನೆ ಹತ್ತಿರ ಬಂತು, ಫಲಕದಲ್ಲಿ ನಿಮ್ಮ ಹೆಸರು ಇರುತ್ತದೆ ಎಂದು ನಿರ್ದೇಶಕ ಸದ್ದಿಲ್ಲಪ್ಪನಿಗೆ ಹೇಳಿದ. ಸದ್ದಿಲ್ಲಪ್ಪನಿಗೆ ಆಗ ಹೊಳೆಯಿತು: ಇನ್ನು ಮನೆಗೆ ಹೋಗಿ ಹೆಂಡತಿಯನ್ನು ಸದ್ದು ಮಾಡು ಎಂದು ಕೇಳಬೇಕು.

ಕೇಳಲು ಅವನಿಗೆ ನಾಲ್ಕು ದಿನ ಹಿಡಿಯಿತು. ಆ ಹೊತ್ತಿಗೆ ಅವಳು ಹೊಲಿಗೆ ನಿಲ್ಲಿಸಿಬಿಟ್ಟಿದ್ದಳು. ಕೋಪಕ್ಕಲ್ಲ, ನಿಜವಾಗಿಯೂ ಕಾಣುತ್ತಿರಲಿಲ್ಲ. ವಕೀಲರೊಬ್ಬರ ನಿಲುವಂಗಿಯ ತೋಳನ್ನು ಒಳಹೊರಗು ಮಾಡಿ ಹೊಲಿದು, ತಾನೇ ಬಿಚ್ಚಿ, ಬಂದಿದ್ದ ಬಟ್ಟೆಯನ್ನೆಲ್ಲ ಮಡಚಿ ಇಟ್ಟು, ಮಿಷನ್ನಿನ ಮೇಲೆ ಚಾದರ ಹೊದಿಸಿದಳು. ಕಿಟಕಿ ಸಿಕ್ಕರೆ ಹೊಲಿಯುವುದು, ಇಲ್ಲವಾದರೆ ಬಂದವರಿಗೆಲ್ಲ ಬೇರೆ ಅಂಗಡಿ ನೋಡಿಕೊಳ್ಳಿ ಎನ್ನುವುದು ಎಂದು ನನ್ನ ಹತ್ತಿರ ಹೇಳಿದ್ದಳು. ಹಾಗೆ ಹೇಳುವಾಗ ಅವಳ ಕೈಗಳು ಏನು ಮಾಡಬೇಕೆಂದು ತೋಚದೆ ಸೆರಗನ್ನು ಮಡಚುವುದು ಬಿಚ್ಚುವುದು ಮಾಡುತ್ತಿದ್ದವು. ನನಗೆ ಅದು ನೋಡಲು ಹಿತವಾಗಲಿಲ್ಲ.

ಮನೆಯಲ್ಲಿ ಸದ್ದು ನಿಂತಿತು. ಸದ್ದಿಲ್ಲಪ್ಪ ಜೀವನವಿಡೀ ಬೇಡಿದ್ದು ಕೈಗೆ ಬಂದಿತ್ತು. ಅವನು ಅದರೊಳಗೆ ಕೋಣೆಯಿಂದ ಕೋಣೆಗೆ ತಿರುಗಿದ. ನೀರು ಕುಡಿದ. ಗಡಿಯಾರಕ್ಕೆ ಕೀಲಿ ಕೊಟ್ಟ. ಮೂರನೇ ದಿನ ಮೇಲೆ ಬಂದು, ಅಕ್ಕ, ನಿಮಗೆ ಮಧ್ಯಾಹ್ನ ನಿದ್ದೆ ಬರ್ತಿದೆಯಾ ಎಂದು ನನ್ನನ್ನು ಕೇಳಿದ. ಚೆನ್ನಾಗಿ ಬರುತ್ತಿದೆ ಎಂದೆ. ಅವನು ನಿರಾಶನಾಗಿ ಇಳಿದುಹೋದ.

ಕೊನೆಗೆ ಅವನು ಅವಳ ಹತ್ತಿರ ಹೋಗಿ ವಿಷಯ ತೆಗೆದ. ಹಳೆಯ ಓಣಿಯಲ್ಲೇ, ಹಳೆಯ ಕಂಬಳಿಯ ಮೇಲೆ, ಒಂದೇ ಒಂದು ಕಾಲರು ಸಾಕು ಎಂದ.

"ಓಣೀಲಿ ನನಗೆ ಕಣ್ಣು ಕಾಣಲ್ಲ."

ಕಾಣಬೇಕಾಗಿಲ್ಲ, ಸುಮ್ಮನೆ ತುಳಿದರೆ ಸಾಕು, ಬಟ್ಟೆಯನ್ನೂ ಹಾಕಬೇಡ ಎಂದ.

"ಬಟ್ಟೆ ಇಲ್ದೆ ತುಳಿಯಕ್ಕೆ ನಾನೇನು ಕೋಡಂಗೀನಾ?" ಎಂದಳು ಅವಳು. ಗಂಟಲು ಏರಿಸಲಿಲ್ಲ. "ಹೊಲಿದ್ರೆ ಹೊಲಿಯೋದು. ಹೊಲಿಯೋದಾದ್ರೆ ಕಿಟಕಿ ಹತ್ರ."

ಒಂದು ದಿನದ ಮಟ್ಟಿಗೆ ಆಗಲಿ ಎಂದ. ಒಂದು ದಿನಕ್ಕೆ ಮಿಷನ್ ಹೊರುವವರು ಯಾರು, ನನಗೆ ಸೊಂಟ ನೋವು ಎಂದಳು. ಒಂದು ತಿಂಗಳು ಎಂದ. ಅವಳು ಅವರೆಕಾಯಿ ಬಿಡಿಸಲು ಕೂತಳು. ಕಾಯಿ ಬಿಡಿಸುವ ಸದ್ದು ಮೇಲಿನವರೆಗೆ ಬರುವುದಿಲ್ಲ. ಹಾಗಾಗಿ ಎಷ್ಟು ಹೊತ್ತು ಕೂತಿದ್ದಳೋ ನನಗೆ ತಿಳಿಯದು. ಆಮೇಲೆ ಮೊಳೆ ಕೀಳುವ ಸದ್ದು ಕೇಳಿಸಿತು.

ಇಳಿದು ಹೋಗಿ ನೋಡಿದೆ. ಸದ್ದಿಲ್ಲಪ್ಪ ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ನಿಂತು ಜಮಖಾನ ಇಳಿಸಿ, ಹಾಸಿಗೆ ಬಿಚ್ಚಿ, ಹಲಗೆಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಕಿಟಕಿಯ ಕಂಬಿಗಳ ನಡುವೆ ಇಡೀ ಒಂದು ಸಂಸಾರದ ಧೂಳು ಕೂತಿತ್ತು. ಸೀನು ಬಂದು ತಡೆಯಲಾರದೆ ಸೀನಿ, ಅಭ್ಯಾಸಕ್ಕೆ ಗೇಟಿನ ಕಡೆ ನೋಡಿದ. ನಾನೂ ಪಕ್ಕದ ಮನೆಯವನೂ ಒಂದೊಂದು ತುದಿ ಹಿಡಿದು ಮಿಷನ್ನನ್ನು ಕಿಟಕಿಯ ಕೆಳಗೆ ತಂದು ನಿಲ್ಲಿಸಿದೆವು. ಮೊಟ್ಟೆಯ ಅಟ್ಟೆಗಳನ್ನು ಕೀಳಲು ಅವಳು ಬಿಡಲಿಲ್ಲ. ಗುಂಡಿ ಹಾಕಿಡಲು ಒಳ್ಳೆಯದು ಎಂದಳು.

ಇನ್ನು ಧ್ವನಿಮುದ್ರಣ. ಮೈಕಿಗೂ ಮಿಷನ್ನಿಗೂ ನಡುವೆ ಎರಡು ಬಾಗಿಲು ಇದ್ದರೇ ನಕ್ಷತ್ರವಾಗುವುದು ಎಂದು ಲೆಕ್ಕ ಹಾಕಿ, ಸದ್ದಿಲ್ಲಪ್ಪ ತನ್ನ ಯಂತ್ರ, ಮೈಕು, ಹೆಡ್‌ಫೋನನ್ನೆಲ್ಲ ಎತ್ತಿಕೊಂಡು ಹಳೆಯ ಓಣಿಗೆ ಹೋಗಿ ಬಚ್ಚಲಿಗೆ ಬೆನ್ನು ಹಾಕಿ ಕೂತ. ತಂತಿಯನ್ನು ಈ ಸಲ ಮೂರು ಬಾರಿ ಎಳೆದು ನೋಡಿದ. ನಾನು ಆಗಲಿ ಎಂದು ಕೂಗಿದಾಗ ಅವಳು ಶುರು ಮಾಡಬೇಕು.

ಟೈಲರಮ್ಮ ಸ್ಟೂಲಿನ ಮೇಲೆ ಕೂತಳು. ಬೀದಿಯ ಬೆಳಕು ಅವಳ ಮಡಿಲಿಗೆ, ಕೈಗೆ, ಸೂಜಿಯ ಕಣ್ಣಿಗೆ ನೇರವಾಗಿ ಬೀಳುತ್ತಿತ್ತು. ದಾರ ಒಂದೇ ಸಲಕ್ಕೆ ಪೋಣಿಸಿದಳು. ಪಕ್ಕದಲ್ಲಿ ಮಡಚಿಟ್ಟಿದ್ದ ರಾಶಿಯ ಮೇಲಿದ್ದ ಕಡುನೀಲಿ ಯೂನಿಫಾರ್ಮನ್ನು ಎತ್ತಿಕೊಂಡಳು, ಹೋದ ತಿಂಗಳು ಓಣಿಯಲ್ಲಿ ಹೊಲಿದು ಮುಗಿಸಿದ್ದು. ಅದನ್ನು ಬೆಳಕಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. ಪಕ್ಕಕ್ಕಿಟ್ಟು ಕೆಳಗಿನದನ್ನು ತೆಗೆದು ನೋಡಿದಳು. ಅದರ ಕೆಳಗಿನದನ್ನೂ ನೋಡಿದಳು. ಒಂದರಲ್ಲಿ ಕರಿ ದಾರ, ಒಂದರಲ್ಲಿ ಹೊಲಿಗೆ ಅಂಚು ಬಿಟ್ಟು ಓಡಿತ್ತು, ಒಂದರಲ್ಲಿ ಜೇಬು ಸೊಟ್ಟ.

"ಇದನ್ನೆಲ್ಲ ಕೊಟ್ಟಿದ್ರೆ ಜನ ಮುಖಕ್ಕೆ ಎಸೀತಿದ್ರು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಕನ್ನಡಕ ಒರೆಸಿಕೊಂಡು, ಪೆಟ್ಟಿಗೆಯಿಂದ ಸಣ್ಣ ಕತ್ತರಿ ತೆಗೆದು, ಮೊದಲನೆಯದರ ತೋಳಿನಿಂದ ಬಿಚ್ಚಲು ಶುರುಮಾಡಿದಳು.

ಓಣಿಯಿಂದ, ಶುರು ಮಾಡಿದಳಾ ಎಂದು ಸದ್ದಿಲ್ಲಪ್ಪನ ದನಿ ಬಂತು. ನಾನು ಇನ್ನೂ ಇಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಟೈಲರಮ್ಮ ಕತ್ತು ಎತ್ತದೆ ಹೇಳಿದಳು.

"ಹೇಳಿ ಅವರಿಗೆ, ಇಷ್ಟೂ ಬಿಚ್ಚಿ ಆಗ್ಬೇಕು, ಆಮೇಲೆ ಹೊಲಿಗೆ. ಕೂತಿರ್ಲಿ."

ಅವನು ಕೂತಿದ್ದ. ಅವತ್ತು ಕೂತ, ಮರುದಿನವೂ ಕೂತ. ಹೊಸ ಸಭಾಂಗಣದ ಉದ್ಘಾಟನೆ ಒಂದು ವಾರ ಮುಂದೆ ಹೋಯಿತು. ತಾಂತ್ರಿಕ ಕಾರಣಗಳಿಂದ ಎಂದು ನಿರ್ದೇಶಕ ಬಾಗಿಲಿಗೆ ಚೀಟಿ ಅಂಟಿಸಿದ.